ಆನ್ ಫ್ರಾಂಕ್ ಪಕ್ಕದಲ್ಲಿ ಸಾತಾರದ ಹುಡುಗ

"ಒಂಬತ್ತು ವರ್ಷದ ಮಗೂಗೆ ಹಿಟ್ಲರ್ ಕತೆ ಯಾಕ್ರೀ?" ಭಾನುವಾರ ಬೆಳಿಗ್ಗೆ ನಾನು ಮಕ್ಕಳಿಗೆ ಏನು ಓದಿ ಹೇಳ್ತೇನೆ ಅಂತ ಗೊತ್ತಾದ ತಕ್ಷಣ ತಂದೆ ತಾಯಿ ಕೇಳೋದು ಇದನ್ನೇ. ನನ್ನ ಉತ್ತರ ಚಿಕ್ಕದು. ಮಗು ಯುದ್ಧವನ್ನು ಆಗಲೇ ನೋಡಿ ಆಗಿದೆ, ನಿಮ್ಮ ಫೋನಿನಲ್ಲೇ. ಅಡುಗೆ ವಿಡಿಯೊ ಮತ್ತು ಕ್ರಿಕೆಟ್ ನಡುವೆ ಒಂದು ಕಟ್ಟಡ ಕುಸಿದು ಬೀಳುತ್ತದೆ, ಯಾರೋ ಅಳುತ್ತಾರೆ, ಬೆರಳು ಸರಿಸಿದರೆ ಮುಗೀತು. ಪುಸ್ತಕದಲ್ಲಾದರೆ ಆ ಮನೆಯೊಳಗೆ ಇದ್ದವರ ಹೆಸರು ಗೊತ್ತಾಗುತ್ತದೆ.

ನಾನು ವಿಜಯಪುರದವಳು. ಪುಣೆಗೆ ಬಂದು ಅರ್ಧ ಆಯುಷ್ಯ ಆಯ್ತು, ಶಾಲೆಯೊಂದರ ಲೈಬ್ರರಿಯಲ್ಲಿ ದುಡಿದು ನಿವೃತ್ತಳಾದೆ. ಈಗ ಕೋಥ್ರೂಡಿನ ನಮ್ಮ ಸೊಸೈಟಿಯ ಕನ್ನಡ ಮನೆಗಳ ಮಕ್ಕಳು ನನ್ನ ಓದುಗರು. ಮನೆಯಲ್ಲಿ ಕನ್ನಡ, ಕೆಳಗೆ ಆಟಕ್ಕೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಪುಸ್ತಕ ಯಾವ ಭಾಷೆಯಲ್ಲಿದ್ದರೂ ಮಾತು ಮಾತ್ರ ಕನ್ನಡದಲ್ಲೇ. ಅದೊಂದೇ ನನ್ನ ನಿಯಮ. ನೀವೂ ಹೀಗೊಂದು ಗುಂಪು ಕಟ್ಟಬೇಕು ಅಂತಿದ್ದರೆ, ಅಥವಾ ನಿಮ್ಮ ಮಗುವಿನ ಜತೆಗೇ ಓದಬೇಕು ಅಂತಿದ್ದರೆ, ನಾನು ಮಾಡೋದನ್ನು ಹೇಳ್ತೇನೆ.

ಮೊದಲು ನೀವು ಓದಿ. ಕೊನೆಯ ಪುಟದ ತನಕ. ಹಿಂಬದಿಯ ರಟ್ಟಿನ ಮೇಲೆ ಬರೆದಿರುವ ವಯಸ್ಸನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಾನು ನೋಡೋದು ಎರಡೇ ಸಂಗತಿ. ಸಾವು ಪುಟದ ಮೇಲೆ ಕಣ್ಣೆದುರೇ ಆಗುತ್ತದೋ, ದೂರದಲ್ಲಿ ಆಗಿ ಸುದ್ದಿಯಾಗಿ ಬರುತ್ತದೋ? ಕತೆಯ ಮಗು ಸುಮ್ನೆ ಕಷ್ಟ ಅನುಭವಿಸುತ್ತದೋ, ಏನಾದರೂ ಮಾಡುತ್ತದೋ? ಏನೂ ಮಾಡದ ಮಗುವಿನ ಕತೆ ಅಯ್ಯೋ ಪಾಪದಲ್ಲಿ ಮುಗಿದುಹೋಗುತ್ತದೆ. ಅಯ್ಯೋ ಪಾಪ ಅಂದವರು ಮಧ್ಯಾಹ್ನ ಊಟಕ್ಕೆ ಕೂತಾಗ ಮರೆತಿರುತ್ತಾರೆ, ದೊಡ್ಡವರೂ ಅಷ್ಟೇ.

ಎಂಟು ಒಂಬತ್ತರ ಮಕ್ಕಳಿಗೆ ನಾನು ಶುರು ಮಾಡೋದು ಜಪಾನಿನ 'ತೊತ್ತೋಚಾನ್'ನಿಂದ. ನ್ಯಾಷನಲ್ ಬುಕ್ ಟ್ರಸ್ಟ್‌ನವರದು ಕನ್ನಡದಲ್ಲಿದೆ, ಮರಾಠಿಯಲ್ಲೂ ಇದೆ. ಹಾಗಾಗಿ ನಮ್ಮಂಥ ಮನೆಗಳಿಗೆ ಎರಡು ಪಟ್ಟು ಅನುಕೂಲ. ಎಲ್ಲರೂ ಇದನ್ನು ಶಾಲೆಯ ಪುಸ್ತಕ ಅಂತ ಓದ್ತಾರೆ. ರೈಲು ಡಬ್ಬಿಯ ತರಗತಿ, ಒಳ್ಳೆಯ ಹೆಡ್‌ಮಾಸ್ತರು. ಯುದ್ಧ ಅದರಲ್ಲಿ ಪಕ್ಕದ ಬಾಗಿಲಿನಿಂದ ಬರುತ್ತದೆ. ಸ್ಟೇಷನ್ನಿನಲ್ಲಿ ದುಡ್ಡು ಹಾಕಿದರೆ ಕ್ಯಾರಮೆಲ್ ಬೀಳುವ ಯಂತ್ರ ಖಾಲಿ ಇರುತ್ತದೆ. ಪಿಟೀಲು ಬಾರಿಸುವ ಅಪ್ಪನಿಗೆ ಯುದ್ಧದ ಹಾಡು ನುಡಿಸಿದರೆ ಅಕ್ಕಿ, ಸಕ್ಕರೆ ಸಿಗುತ್ತದೆ ಅಂತ ಆಸೆ ತೋರಿಸುತ್ತಾರೆ, ಅವನು ಒಲ್ಲೆ ಅನ್ನುತ್ತಾನೆ. ಕೊನೆಗೆ 1945ರ ಬಾಂಬ್ ದಾಳಿಯಲ್ಲಿ ಶಾಲೆಯೇ ಸುಟ್ಟುಹೋಗುತ್ತದೆ. ಆ ಪಿಟೀಲಿನ ಅಧ್ಯಾಯದ ಹತ್ತಿರ ನಿಲ್ಲಿಸಿ. "ಅಪ್ಪ ಮಾಡಿದ್ದು ಸರೀನಾ? ಮನೆಯಲ್ಲಿ ತಿನ್ನೋಕೇ ಇಲ್ವಲ್ಲ?" ಅಂತ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೂತುಬಿಡಿ. ನಮ್ಮಲ್ಲಿ ಜಗಳವೇ ಆಯ್ತು. ಸಕ್ಕರೆಯ ಪರ ಇದ್ದವರೇ ಜಾಸ್ತಿ.

ಅದಾದ ಮೇಲೆ ಜುಡಿತ್ ಕೆರ್ ಬರೆದ ಗುಲಾಬಿ ಮೊಲದ ಕಾದಂಬರಿ, 'ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ‍್ಯಾಬಿಟ್'. 1933ರಲ್ಲಿ ಹಿಟ್ಲರ್‌ಗೆ ಹೆದರಿ ಬರ್ಲಿನ್ ಬಿಟ್ಟು ಹೊರಟ ಯಹೂದಿ ಮನೆಯವರದು. ಒಂದೇ ಆಟಿಕೆ ತಗೊಂಡು ಹೋಗಬಹುದು ಅಂದಾಗ ಹುಡುಗಿ ಹೊಸ ನಾಯಿಗೊಂಬೆಯನ್ನು ತಗೊಂಡು ಹಳೇ ಮೊಲವನ್ನು ಬಿಟ್ಟುಬರುತ್ತಾಳೆ. ಇದರಲ್ಲಿ ರಕ್ತ ಇಲ್ಲ, ಮನೆಯಿಂದ ಮನೆಗೆ, ಭಾಷೆಯಿಂದ ಭಾಷೆಗೆ ಅಲೆದಾಟ. ಊರು ಬಿಟ್ಟು ಬಂದ ನಮ್ಮ ಮಕ್ಕಳಿಗೆ ಹೊಸ ಶಾಲೆ, ಹೊಸ ಭಾಷೆಯ ಫಜೀತಿ ಬೇಗ ಅರ್ಥವಾಗುತ್ತದೆ.

ಹತ್ತು ವರ್ಷಕ್ಕೆ ಲೋಯಿಸ್ ಲೌರಿ ಬರೆದ 'ನಂಬರ್ ದ ಸ್ಟಾರ್ಸ್'. ಜರ್ಮನರ ಹಿಡಿತದಲ್ಲಿದ್ದ 1943ರ ಡೆನ್ಮಾರ್ಕ್, ಯಹೂದಿ ಗೆಳತಿಯನ್ನು ಉಳಿಸುವ ಕತೆ. ಆ ಶರತ್ಕಾಲದಲ್ಲಿ ನೆರೆಹೊರೆಯವರೂ ಮೀನುಗಾರರೂ ಸೇರಿ ಸುಮಾರು 7,000 ಜನರನ್ನು ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದರು. ಮಕ್ಕಳಿಗೆ ಇದರಲ್ಲಿ ಬಹಳ ಹಿಡಿಸೋದು ಒಂದು ಕರವಸ್ತ್ರ. ಒಣರಕ್ತ ಮತ್ತು ಕೊಕೇನ್ ಬೆರೆಸಿದ ಕರವಸ್ತ್ರ. ರಕ್ತದ ವಾಸನೆಗೆ ಜರ್ಮನ್ ಸೈನಿಕರ ನಾಯಿ ಮೂಸುತ್ತದೆ, ಕೊಕೇನಿಗೆ ಅದರ ಮೂಗು ಸತ್ತುಹೋಗುತ್ತದೆ. ದೋಣಿಯಲ್ಲಿ ಅಡಗಿರುವವರ ಸುಳಿವು ಸಿಗುವುದಿಲ್ಲ. ಇದು ನಿಜಕ್ಕೂ ನಡೆದದ್ದು ಅಂತ ಹೇಳಿದರೆ ಸಾಕು, ಆ ಹೊತ್ತಿನ ಪಾಠ ಅಲ್ಲಿಗೆ ಮುಗೀತು, ಎಲ್ಲರೂ ಕರವಸ್ತ್ರ ಹುಡುಕೋಕೆ ಹೋಗ್ತಾರೆ. ಹೋಗಲಿ ಬಿಡಿ.

ಆನ್ ಫ್ರಾಂಕ್ ಡೈರಿಗೆ ಹನ್ನೆರಡು ಹದಿಮೂರು ಆಗಲಿ. ನಾಝಿಗಳ ಕೈಗೆ ಸಿಗದ ಹಾಗೆ ಮನೆಯವರ ಜತೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಡಗಿದ್ದ ಯಹೂದಿ ಹುಡುಗಿ ಅವಳು. ಅವಳಿಗೆ ಡೈರಿ ಸಿಕ್ಕಿದ್ದೇ ಹದಿಮೂರನೇ ಹುಟ್ಟುಹಬ್ಬಕ್ಕೆ, 1942ರ ಜೂನ್ 12ರಂದು. ಇಲ್ಲಿ ಸ್ವಲ್ಪ ನಿಧಾನ ಮಾಡ್ತೇನೆ, ಯಾಕಂದ್ರೆ ನನ್ನ ಓದಿಸುವ ಬಗೆ ಪೂರ್ತಿ ಈ ಪುಸ್ತಕದ ಸುತ್ತಲೇ ನಿಂತಿದೆ.

ಡೈರಿಯ ಮೊದಲ ಪುಟಗಳಲ್ಲೇ ಒಂದು ಪಟ್ಟಿ ಬರುತ್ತದೆ. ಯಹೂದಿಗಳು ಹಳದಿ ನಕ್ಷತ್ರ ಹಾಕಿಕೊಳ್ಳಬೇಕು. ಸೈಕಲ್ ಒಪ್ಪಿಸಬೇಕು. ಟ್ರಾಮ್ ಹತ್ತುವಂತಿಲ್ಲ. ಮಧ್ಯಾಹ್ನ ಮೂರರಿಂದ ಐದರ ಒಳಗೆ ಮಾತ್ರ ಅಂಗಡಿ. ಸಿನಿಮಾ ಇಲ್ಲ. ರಾತ್ರಿ ಎಂಟರ ಮೇಲೆ ಹೊರಗೆ ಕಾಣಿಸುವಂತಿಲ್ಲ. ಅದನ್ನು ಬೋರ್ಡಿನ ಮೇಲೆ ಬರೆಸಿ. ಮಕ್ಕಳಿಗೆ ಸೈನ್ಯ, ಪಕ್ಷ, ಸಿದ್ಧಾಂತ ಅರ್ಥವಾಗುವ ಮೊದಲೇ ನಿಯಮ ಅರ್ಥವಾಗುತ್ತದೆ. ಸೈಕಲ್ ಕಿತ್ತುಕೊಂಡರು ಅಂದಾಗ ನಮ್ಮ ಗುಂಪಿನ ಮುಖ ನೋಡಬೇಕಿತ್ತು. ಕ್ಯಾಂಪ್, ಗ್ಯಾಸ್ ಅಂದಾಗಲೂ ಅಷ್ಟು ಕೋಪ ಬಂದಿರಲಿಲ್ಲ.

ಆಮೇಲೆ ಅಡಗುಮನೆಗೆ ಹೊರಟ ದಿನ. ಸೂಟ್‌ಕೇಸ್ ಹಿಡಿದು ಯಹೂದಿಗಳು ಬೀದಿಗೆ ಇಳಿದರೆ ಅನುಮಾನ ಬರುತ್ತದೆ. ಅದಕ್ಕೇ ಬಟ್ಟೆಯ ಮೇಲೆ ಬಟ್ಟೆ ಹಾಕಿಕೊಳ್ಳುತ್ತಾಳೆ. ಎರಡು ಬನಿಯನ್, ಮೂರು ಚಡ್ಡಿ, ಫ್ರಾಕ್, ಅದರ ಮೇಲೆ ಸ್ಕರ್ಟ್, ಜಾಕೆಟ್, ಎರಡು ಜೊತೆ ಕಾಲುಚೀಲ, ಟೊಪ್ಪಿ, ಇನ್ನೂ ಏನೇನೋ. ಜುಲೈ ತಿಂಗಳು, ಮಳೆ ಬೇರೆ. ನಮ್ಮ ಎರಡನೇ ಮಹಡಿಯ ಹುಡುಗಿ "ಬಸ್ಸಿಗೆ ಹೋಗಬಾರದಿತ್ತಾ?" ಅಂದಳು. ನಾನು ಮಾತಾಡಲಿಲ್ಲ. ಬೋರ್ಡಿನ ಕಡೆ ಅವಳ ಪಕ್ಕದವನೇ ಕೈ ತೋರಿಸಿದ.

ಈಗ ಮುಖ್ಯವಾದ ಕೆಲಸ. ಆ ಬೋರ್ಡನ್ನು ಅಳಿಸಬೇಡಿ. ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿ ಬರೆಯಬೇಕು. ಶಾಲೆಯಲ್ಲಿ ಕೂರೋಕೆ ಮನೆಯಿಂದಲೇ ಗೋಣಿತಟ್ಟು ತರಬೇಕು. ನಲ್ಲಿ ಮುಟ್ಟುವಂತಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಜವಾನ ಇಲ್ಲದಿದ್ದರೆ ನೀರಿಲ್ಲ. ಕ್ಷೌರದವನು ಕೂದಲು ಕತ್ತರಿಸುವುದಿಲ್ಲ, ಅಕ್ಕನೇ ಕತ್ತರಿಸಬೇಕು. ಇದು ಯಾವ ದೇಶ ಅಂತ ಕೇಳಿ. ನಮ್ಮ ಮಕ್ಕಳು ಆಫ್ರಿಕಾ ಅಂದರು, ಅಮೆರಿಕ ಅಂದರು. ಸಾತಾರಾ ಅಂದೆ. "ಬೆಳಗಾವಿಗೆ ಹೋಗೋವಾಗ ಬರತ್ತಲ್ಲ, ಅದೇ ಸಾತಾರಾನಾ?" ಅದೇ.

ಅಂಬೇಡ್ಕರ್ ತಮ್ಮ ಬಾಲ್ಯದ ಈ ಸಂಗತಿಗಳನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ತಾವೇ ಬರೆದಿದ್ದಾರೆ, ಅದೂ ಚಿಕ್ಕದಾಗಿ, ಸರಳವಾಗಿ. 1901ರಲ್ಲಿ ಮನೆಯ ಹುಡುಗರ ಜತೆ ಅಪ್ಪನನ್ನು ನೋಡೋಕೆ ಹೊರಟ ಪ್ರಸಂಗ ಅದರಲ್ಲಿದೆ. ಅವರಿಗಾಗ ಹತ್ತರ ಆಸುಪಾಸು. ಹೊಸ ಬಟ್ಟೆ ಹಾಕಿಕೊಂಡು ಖುಷಿಯಿಂದ ರೈಲು ಹತ್ತಿದ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಪತ್ರ ತಲುಪಿಲ್ಲ, ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರು ಪ್ರೀತಿಯಿಂದಲೇ ವಿಚಾರಿಸುತ್ತಾರೆ. ಜಾತಿ ಗೊತ್ತಾದ ತಕ್ಷಣ ಆ ಮುಖ ಬದಲಾಗುತ್ತದೆ. ಗಾಡಿಯವನು ಎರಡು ಪಟ್ಟು ಬಾಡಿಗೆ ತಗೊಂಡು, ಗಾಡಿಯನ್ನು ಮಕ್ಕಳ ಕೈಗೇ ಕೊಟ್ಟು ತಾನು ಪಕ್ಕದಲ್ಲಿ ನಡೆಯುತ್ತಾನೆ. ರಾತ್ರಿ ಬುತ್ತಿ ಇದೆ, ನೀರಿಲ್ಲ. ಪುಣೆಯಿಂದ ಮೀರಜ್ ಕಡೆ ಹೋಗುವ ರೈಲಿನಲ್ಲಿ ಆ ಮಸೂರ್ ಇವತ್ತಿಗೂ ಬರುತ್ತದೆ. ಊರಿಗೆ ಹೋಗುವಾಗ ಮಕ್ಕಳಿಗೆ ಕಿಟಕಿ ಪಕ್ಕ ಸೀಟು ಕೊಟ್ಟು ಹೇಳಿ. ಚಿತ್ರಪುಸ್ತಕ ಬೇಕಿದ್ದರೆ ಗೊಂಡ ಕಲಾವಿದರು ಬರೆದ 'ಭೀಮಾಯನ' ಇದೆ, ಅದರಲ್ಲೂ ಈ ಪ್ರಯಾಣ ಬರುತ್ತದೆ. ಅಂಬೇಡ್ಕರ್ ಸಾತಾರದ ಶಾಲೆಗೆ ಸೇರಿದ ನವೆಂಬರ್ 7ನ್ನು ಮಹಾರಾಷ್ಟ್ರದಲ್ಲಿ ವಿದ್ಯಾರ್ಥಿ ದಿನ ಅಂತ ಆಚರಿಸ್ತಾರೆ. ಮಕ್ಕಳಿಗೆ ಆ ದಿನ ಗೊತ್ತಿರುತ್ತದೆ, ಗೋಣಿತಟ್ಟು ಗೊತ್ತಿರುವುದಿಲ್ಲ.

ತಕರಾರು ಬರುವುದೂ ಇಲ್ಲೇ. ಆನ್ ಫ್ರಾಂಕ್ ಓದಿಸಿದಾಗ "ಎಷ್ಟು ಒಳ್ಳೆ ಕೆಲಸ ಮಾಡ್ತೀರಿ" ಅಂದವರೊಬ್ಬರು ಸಾತಾರದ ಪಟ್ಟಿ ನೋಡಿ "ಮಕ್ಕಳ ತಲೆಗೆ ಜಾತಿ ಯಾಕೆ ತುಂಬ್ತೀರಿ" ಅಂದರು. ಜರ್ಮನಿಯ ದಬ್ಬಾಳಿಕೆ ನಮಗೆ ಸಲೀಸು. ಅದರಲ್ಲಿ ನಮ್ಮ ಅಜ್ಜ ಇಲ್ಲ. ವಾದ ಮಾಡೋಕೆ ಹೋಗಬೇಡಿ. ಪುಸ್ತಕವನ್ನೇ ಕೈಗೆ ಕೊಡಿ, ಒಂದೇ ರಾತ್ರಿಗೆ ಓದಬಹುದಾದಷ್ಟು ಚಿಕ್ಕದು. ಕೆಲವರು ಓದಿ ಕಳಿಸ್ತಾರೆ, ಕೆಲವರು ಮಗೂನ ಕಳಿಸೋದೇ ನಿಲ್ಲಿಸ್ತಾರೆ. ಎರಡೂ ಆಗಿದೆ. ಆದರೂ ದೂರದ ಪುಸ್ತಕದ ಪಕ್ಕದಲ್ಲಿ ಹತ್ತಿರದ್ದೊಂದನ್ನು ಇಡದೆ ನಾನು ಓದಿಸುವುದಿಲ್ಲ. ಪುಣೆಯವರಿಗಂತೂ ಹುಡುಕೋದೇ ಬೇಡ. ಫುಲೆ ದಂಪತಿಯ ಶಾಲೆಯಲ್ಲಿ ಓದಿದ ಮುಕ್ತಾ ಸಾಳ್ವೆ ಅನ್ನುವ ಹುಡುಗಿ ಮಾಂಗ್, ಮಹಾರ್ ಜನರ ನೋವಿನ ಬಗ್ಗೆ ಬರೆದ ಪ್ರಬಂಧ 1855ರಲ್ಲೇ 'ಜ್ಞಾನೋದಯ' ಪತ್ರಿಕೆಯಲ್ಲಿ ಬಂದಿದೆ. ಮರಾಠಿ ಬಲ್ಲ ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ.

ಡೆಬೊರಾ ಎಲ್ಲಿಸ್ ಬರೆದ ಪರ್ವಾನಾಳ ಕತೆ 'ದಿ ಬ್ರೆಡ್‌ವಿನ್ನರ್' ಓದಿಸುವ ಮುಂಚೆ ಒಂದು ಎಚ್ಚರ. ತಾಲಿಬಾನ್ ಕಾಲದ ಕಾಬೂಲ್, ಕೂದಲು ಕತ್ತರಿಸಿ ಹುಡುಗನ ವೇಷ ಹಾಕಿಕೊಂಡು ಮನೆ ಸಾಕುವ ಹನ್ನೊಂದರ ಹುಡುಗಿ. ನಮ್ಮ ಕಡೆ ಮಕ್ಕಳು ಮನೆಯಲ್ಲಿ ಕೇಳಿದ್ದನ್ನೇ ತಂದು "ಅವರೆಲ್ಲ ಹಾಗೇ" ಅಂತಾರೆ. ಬೈಯಬೇಡಿ. ಪರ್ವಾನಾಳ ಅಪ್ಪ ಯಾರು, ಅವನ ಕಾಲು ಹೋದದ್ದು ಹೇಗೆ, ಅವನನ್ನು ಎಳೆದುಕೊಂಡು ಹೋದವರು ಯಾರು ಅಂತ ಪುಸ್ತಕದಲ್ಲೇ ಹುಡುಕಿಸಿ. ಹಿಂಸೆ ಕೊಡುವವರೂ ಅನುಭವಿಸುವವರೂ ಒಂದೇ ಧರ್ಮದವರು ಅಂತ ಮಕ್ಕಳೇ ಹೇಳ್ತಾರೆ. ದುಡ್ಡಿಗಾಗಿ ಸಮಾಧಿಯಿಂದ ಮೂಳೆ ಅಗೆಯುವ ಅಧ್ಯಾಯ ಒಂದಿದೆ, ಸೂಕ್ಷ್ಮ ಮನಸ್ಸಿನ ಮಕ್ಕಳಿಗೆ ಮುಂಚೆಯೇ ಹೇಳಿಬಿಡಿ.

ಹಿರೋಷಿಮಾದ 'ಬೇರ್‌ಫೂಟ್ ಜೆನ್' ಕಾಮಿಕ್ ಅಂತ ಚಿಕ್ಕವರ ಕೈಗೆ ಕೊಡಬೇಡಿ. ಬರೆದ ಕೇಜಿ ನಕಾಝಾವಾ ಆರು ವರ್ಷದವನಿದ್ದಾಗ ಬಾಂಬನ್ನು ಕಣ್ಣಾರೆ ಕಂಡವನು, ಕಂಡದ್ದನ್ನು ಹಾಗೇ ಬಿಡಿಸಿದ್ದಾನೆ. ಹದಿಮೂರರ ಮೇಲೆ ಸಾಕು.

ಪಟ್ಟೆ ಪೈಜಾಮದ ಹುಡುಗನ ಕಾದಂಬರಿಯನ್ನು ('ದಿ ಬಾಯ್ ಇನ್ ದ ಸ್ಟ್ರೈಪ್ಡ್ ಪೈಜಾಮಾಸ್') ನಾನು ಓದಿಸುವುದೇ ಇಲ್ಲ. ನಾಝಿ ಅಧಿಕಾರಿಯ ಮಗನೂ ಕ್ಯಾಂಪಿನೊಳಗಿನ ಯಹೂದಿ ಹುಡುಗನೂ ಬೇಲಿಯ ಆಚೆ ಈಚೆ ಗೆಳೆಯರಾಗುವ ಕತೆ. ಎಲ್ಲರ ಮನೆಯಲ್ಲೂ ಇರೋದು ಅದೇ, ಗೊತ್ತು. ನಾಝಿಗಳ ಸಾವಿನ ಕ್ಯಾಂಪ್ ಇದ್ದ ಆಶ್‌ವಿಟ್ಜ್‌ನ ಮ್ಯೂಸಿಯಂನವರೇ 2020ರಲ್ಲಿ, ಆ ಇತಿಹಾಸ ಓದುವವರೂ ಕಲಿಸುವವರೂ ಇದನ್ನು ಬಿಡುವುದು ಒಳ್ಳೇದು ಅಂದರು. ಅಲ್ಲಿಗೆ ಬಂದ ಮಕ್ಕಳಲ್ಲಿ ಹೆಚ್ಚಿನವರನ್ನು ಬಂದ ಕೂಡಲೇ ಕೊಂದರು. ಬೇಲಿ ಪಕ್ಕ ದಿನಾ ಕೂತು ಹರಟೋ ಹುಡುಗನಿಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು? ನನ್ನ ಸಿಟ್ಟು ಇನ್ನೊಂದು. ಕೊನೆಯಲ್ಲಿ ಓದುಗರು ಅಳೋದು ಅಧಿಕಾರಿಯ ಮಗನಿಗಾಗಿ.

"ಆ ಯುದ್ಧದಲ್ಲಿ ಮನೆ ಕಳಕೊಂಡವರಲ್ಲಿ ಯಾರಾದರೂ ನಮ್ಮ ಕಡೆ ಬಂದಿದ್ರಾ?" ಅಂತ ಕೇಳುವ ಮಗು ಒಂದಾದರೂ ಇರುತ್ತದೆ. ಬಂದಿದ್ದರು ಅಂತ ಹೇಳಿ. ಸೋವಿಯತ್ ಸರ್ಕಾರ ಪೋಲೆಂಡಿನಿಂದ ಸೈಬೀರಿಯಾ ಕಡೆ ಗಡೀಪಾರು ಮಾಡಿದವರಲ್ಲಿ ಸುಮಾರು 5,000 ಜನ, ಹೆಚ್ಚಾಗಿ ಹೆಂಗಸರು ಮಕ್ಕಳು, 1943ರಿಂದ 1948ರ ತನಕ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ ಇದ್ದರು. ನಿಪ್ಪಾಣಿಯಿಂದ ಎಷ್ಟು ದೂರ ಹೇಳಿ! ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲಿ ಅವರ ನೆನಪಿನ ಕಂಬ ಇದೆ. ಮಹಾಲಕ್ಷ್ಮಿ ಗುಡಿಗೆ ಹೋದಾಗ ಅರ್ಧ ಗಂಟೆ ಅಲ್ಲಿಗೂ ಇಟ್ಟುಕೊಳ್ಳಿ.

ಓದಿದ ಮೇಲೆ "ನಿನಗೆ ಏನನ್ನಿಸಿತು?" ಅಂತ ಕೇಳಬೇಡಿ. ಪರೀಕ್ಷೆಯ ಉತ್ತರ ಬರುತ್ತದೆ. ಅದರ ಬದಲು ಯಾರು ಸಹಾಯ ಮಾಡಿದರು, ಸಿಕ್ಕಿಬಿದ್ದಿದ್ದರೆ ಅವರಿಗೆ ಏನಾಗುತ್ತಿತ್ತು ಅಂತ ಕೇಳಿ. ಆನ್ ಫ್ರಾಂಕ್ ಸೇರಿ ಅಡಗಿದ್ದ ಎಂಟು ಜನಕ್ಕೆ ತರಕಾರಿ ಹೊತ್ತು ತಂದ, ಆಮೇಲೆ ಡೈರಿಯ ಹಾಳೆಗಳನ್ನು ಎತ್ತಿಟ್ಟ ಮೀಪ್ ಗೀಸ್ ಆಫೀಸಿನಲ್ಲಿ ಕೆಲಸ ಮಾಡುವ ಸಾಮಾನ್ಯ ಹೆಂಗಸು. ಮಕ್ಕಳು ಅವಳ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. ಯಾರಾದರೂ ಅತ್ತರೆ ಅಳಲಿ, ನೀರು ಕೊಡಿ. ಬೋರ್ ಅಂದರೆ ಪುಸ್ತಕ ಮುಚ್ಚಿ, ಒತ್ತಾಯ ಬೇಡ.

ಪುಸ್ತಕಕ್ಕೆ ಪುಣೆಯ ಪುಸ್ತಕದಂಗಡಿಗಳಿರುವ ಅಪ್ಪಾ ಬಳವಂತ ಚೌಕಕ್ಕೆ ಹೋಗಿ, ಹಳೇ ಪ್ರತಿ ಇದೆಯಾ ಅಂತ ಮೊದಲು ಕೇಳಿ. ಎಲ್ಲರ ಹತ್ತಿರ ಒಂದೊಂದು ಪ್ರತಿ ಬೇಕಿಲ್ಲ, ಗಟ್ಟಿಯಾಗಿ ಓದುವವರಿಗೆ ಒಂದು ಸಾಕು. ಇಂಥ ಎರಡು ಪುಸ್ತಕಗಳನ್ನು ಒಂದರ ಹಿಂದೆ ಒಂದು ಮಾತ್ರ ಓದಿಸಬೇಡಿ. ನಡುವೆ ತೆನಾಲಿ ರಾಮನೋ, ದೆವ್ವದ ಕತೆಯೋ ಏನಾದರೂ ಇರಲಿ. ನಮ್ಮಲ್ಲಿ ಈಗ ದೆವ್ವದ ಸರದಿ, ಮಳೆಗಾಲ ಮುಗಿಯುವ ತನಕ ಅದೇ.