ಆರ್ಕಿಡ್ ಕುಂಡಕ್ಕೆ ಏನು ತುಂಬುತ್ತೇನೆ, ಹೇಗೆ ತುಂಬುತ್ತೇನೆ

ಆರ್ಕಿಡ್ ಬೆಳೆಸುವ ನಾಲ್ಕು ಜನ ಸೇರಿದರೆ ಮೊದಲ ಪ್ರಶ್ನೆ "ನೀವು ಯಾವ ಮೀಡಿಯಾ ಹಾಕ್ತೀರಿ?" ಎಂಬುದೇ. ಮೀಡಿಯಾ ಎಂದರೆ ಮಣ್ಣಿನ ಬದಲು ಕುಂಡಕ್ಕೆ ತುಂಬುವ ವಸ್ತು. ಒಬ್ಬರು ಇದ್ದಿಲು ಅನ್ನುತ್ತಾರೆ, ಇನ್ನೊಬ್ಬರು ಪೈನ್ ತೊಗಟೆ ಅನ್ನುತ್ತಾರೆ, ಮತ್ತೊಬ್ಬರು ಸ್ಫ್ಯಾಗ್ನಮ್ ಮಾಸ್ (ನೀರು ಹಿಡಿದಿಡುವ ಒಣಗಿಸಿದ ಪಾಚಿ) ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ತಮಾಷೆ ಎಂದರೆ ಮೂವರ ಗಿಡವೂ ಚೆನ್ನಾಗಿಯೇ ಹೂ ಬಿಟ್ಟಿರುತ್ತದೆ. ಹಾಗಾಗಿ ನಾನು ಗಿಡದ ಹೆಸರಿಗಿಂತ ಮೊದಲು ನೀರು ಹಾಕುವ ಕೈಯನ್ನು ನೋಡುತ್ತೇನೆ. ದಿನಾ ಬೆಳಗ್ಗೆ ನೀರಿನ ಪೈಪು ಹಿಡಿದು ನಿಲ್ಲುವವರಿಗೆ ಮಾಸ್ ಆಗಿಬರುವುದಿಲ್ಲ. ವಾರಕ್ಕೊಮ್ಮೆ ಗಿಡ ನೆನಪಾಗುವವರಿಗೆ ಬರೀ ಇದ್ದಿಲು ಆಗಿಬರುವುದಿಲ್ಲ. ನನ್ನದು ಪೈಪು ಹಿಡಿಯುವ ಜಾತಿ, ಆದ್ದರಿಂದ ನನ್ನ ಕುಂಡಗಳಲ್ಲಿ ತೊಗಟೆಯೇ ಜಾಸ್ತಿ.

ಫೆಲನಾಪ್ಸಿಸ್, ಕ್ಯಾಟ್ಲಿಯಾ, ವಾಂಡಾ, ಹೆಚ್ಚಿನ ಡೆಂಡ್ರೋಬಿಯಂ ಮುಂತಾದ ಆರ್ಕಿಡ್‌ಗಳು ಕಾಡಿನಲ್ಲಿ ಮರಕ್ಕೆ ಅಂಟಿಕೊಂಡು ಬೆಳೆಯುವಂಥವು. ಅವುಗಳ ಬೇರಿನ ಸುತ್ತ ವೆಲಾಮೆನ್ ಎಂಬ ಸತ್ತ ಕೋಶಗಳ ದಪ್ಪ ಪದರ ಇರುತ್ತದೆ. ಒಣಗಿದಾಗ ಬೇರು ಬೆಳ್ಳಿಯಂಥ ಬಿಳಿ. ನೀರು ಬಿದ್ದ ಸ್ವಲ್ಪ ಹೊತ್ತಿಗೆ ಆ ಪದರ ನೀರು ಹೀರಿ ಅರೆಪಾರದರ್ಶಕವಾಗುತ್ತದೆ, ಒಳಗಿನ ಹಸಿರು ಹೊರಗೆ ತೋರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಕುಂಡ ನನಗೆ ಇಷ್ಟವಾಗಿರುವುದು ಇದಕ್ಕೇ: ಬೇರು ಬೆಳ್ಳಗಾದರೆ ನೀರು, ಹಸಿರಿದ್ದರೆ ಸುಮ್ಮನಿರುವುದು. ಈ ಬೇರುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಕುಂಡದಲ್ಲಿ ಸಾಯುವ ಆರ್ಕಿಡ್‌ಗಳಲ್ಲಿ ಹೆಚ್ಚಿನವು ಬಾಯಾರಿ ಸಾಯುವುದಿಲ್ಲ, ಉಸಿರುಕಟ್ಟಿ ಸಾಯುತ್ತವೆ.

ಹಾಗಾಗಿ ಏನು ಹಾಕಿದಿರಿ ಎಂಬುದಕ್ಕಿಂತ ಎಷ್ಟು ದಪ್ಪದ ತುಂಡು ಹಾಕಿದಿರಿ ಎಂಬುದು ಮುಖ್ಯ. ಫೆಲನಾಪ್ಸಿಸ್, ಕ್ಯಾಟ್ಲಿಯಾಗಳಿಗೆ 1ರಿಂದ 2 ಸೆಂ.ಮೀ. ಗಾತ್ರದ ಪೈನ್ ತೊಗಟೆ, ಜೊತೆಗೆ ಸ್ವಲ್ಪ ಇದ್ದಿಲು, ಒಂದು ಹಿಡಿ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಬಿಳಿ, ಹಗುರ ಕಲ್ಲಿನ ಹರಳು). ಪ್ಯಾಫಿಯೋಪೆಡಿಲಮ್ ತೇವ ಬೇಡುವ ಗಿಡ, ಅದಕ್ಕೆ ಸಣ್ಣ ಚೂರುಗಳು. ವಾಂಡಾಗೆ ಬುಟ್ಟಿಯಷ್ಟೇ, ಒಳಗೆ ಏನೂ ಇಲ್ಲ. ಯಾವ ಚೀಲ ತಂದರೂ ತಳದಲ್ಲಿ ಒಂದಿಷ್ಟು ಪುಡಿ ಇದ್ದೇ ಇರುತ್ತದೆ. ಅದನ್ನು ಜರಡಿ ಹಿಡಿದು ತೆಗೆಯದಿದ್ದರೆ ತುಂಡುಗಳ ನಡುವಿನ ಸಂದಿಗಳನ್ನೆಲ್ಲ ಅದೇ ತುಂಬಿಬಿಡುತ್ತದೆ. ನಾನು ಜರಡಿ ಹಿಡಿಯುವುದು ನೆನೆಸಿದ ಮೇಲೆ, ನೀರಿನೊಳಗೇ. ಕಾರಣ ಮುಂದೆ ಹೇಳುತ್ತೇನೆ.

ನೆನೆಸುವುದೇ ನನ್ನ ಅರ್ಧ ಕೆಲಸ. ಹೊಸ ತೊಗಟೆ ನೀರನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಬಕೆಟ್ಟಿಗೆ ಹಾಕಿದರೆ ಎಲ್ಲವೂ ತೇಲುತ್ತದೆ. ರಾತ್ರಿಯಿಡೀ ಮೇಲೊಂದು ತಟ್ಟೆ, ಅದರ ಮೇಲೊಂದು ಕಲ್ಲು ಇಟ್ಟು ಮುಳುಗಿಸಿಟ್ಟರೆ ಬೆಳಗ್ಗೆ ಹೊತ್ತಿಗೆ ಬಹಳಷ್ಟು ಚೂರುಗಳು ಭಾರವಾಗಿರುತ್ತವೆ. ಒಣ ತೊಗಟೆಯಲ್ಲೇ ನೆಟ್ಟರೆ ಮೊದಲ ಕೆಲವು ವಾರ ನೀವು ಹಾಕಿದ ನೀರು ಸೀದಾ ತಳದ ತೂತಿನಿಂದ ಹೊರಗೆ.

ತೆಂಗಿನ ಸಿಪ್ಪೆಯ ತುಂಡುಗಳದ್ದು ಬೇರೆಯೇ ಕಥೆ. ನೀರು ಚೆನ್ನಾಗಿ ಹಿಡಿಯುತ್ತವೆ, ಆದರೆ ಒಳಗೆ ಉಪ್ಪು ಇರುತ್ತದೆ, ಸೋಡಿಯಂ ಮತ್ತು ಪೊಟ್ಯಾಸಿಯಂ. ನೆನೆಹಾಕಿದ ನೀರು ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಬಹಳ ಜನ ಆ ಬಣ್ಣ ಹೋಗುವ ತನಕ ತೊಳೆಯುತ್ತಾರೆ. ಬಣ್ಣ ಸಿಪ್ಪೆಯಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತುವಿನದ್ದು, ಉಪ್ಪಿನದ್ದಲ್ಲ. ಬಣ್ಣ ತೆಳುವಾದ ಮಾತ್ರಕ್ಕೆ ಉಪ್ಪು ಹೋಯಿತೆಂದಲ್ಲ, ಉಪ್ಪು ಹೋದ ಮೇಲೂ ಬಣ್ಣ ಬರುತ್ತಲೇ ಇರಬಹುದು. ಅದಕ್ಕೇ ನಾನು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪುಗಳ ಪ್ರಮಾಣ ತೋರಿಸುವ ಸಾಧನ) ಅದ್ದಿ ನೋಡುವುದು. ನೀರು ಬದಲಿಸುತ್ತಾ ಹೋಗಿ, ತೊಳೆದ ನೀರಿನ ಅಂಕಿ ನಲ್ಲಿ ನೀರಿನ ಹತ್ತಿರ ಬಂದ ಮೇಲೆ ಲೀಟರಿಗೆ 3–4 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಒಂದು ದಿನ ಅದರಲ್ಲಿ ಬಿಡುತ್ತೇನೆ. ಬರೀ ನೀರಿಗೆ ಜಗ್ಗದೆ ನಾರಿಗೆ ಅಂಟಿಕೊಂಡ ಸೋಡಿಯಂ, ಪೊಟ್ಯಾಸಿಯಂಗಳನ್ನು ಕ್ಯಾಲ್ಸಿಯಂ ಬಿಡಿಸಿ ಆ ಜಾಗದಲ್ಲಿ ತಾನು ಕೂರುತ್ತದೆ. ಆಗ ಮೀಟರ್ ಅದ್ದಿದರೆ ಅಂಕಿ ಮತ್ತೆ ಏರಿರುತ್ತದೆ. ಗಾಬರಿ ಬೇಡ, ಅದರಲ್ಲಿ ನಾವು ಹಾಕಿದ ಕ್ಯಾಲ್ಸಿಯಂ ನೈಟ್ರೇಟೂ ಸೇರಿರುತ್ತದೆ. ಇನ್ನೆರಡು ಸಲ ತೊಳೆದರೆ ಮುಗಿಯಿತು. ಇಷ್ಟೆಲ್ಲ ಮಾಡುವ ತಾಳ್ಮೆ ಇಲ್ಲದವರು ಸಿಪ್ಪೆಯ ತಂಟೆಗೆ ಹೋಗದಿರುವುದೇ ಲೇಸು.

ಇದ್ದಿಲು ಎಂದರೆ ಬರೀ ಮರದ ಇದ್ದಿಲು. ಬಾರ್ಬೆಕ್ಯೂಗೆಂದು ಮಾರುವ ಬ್ರಿಕೆಟ್‌ಗಳಲ್ಲಿ (ಇದ್ದಿಲ ಪುಡಿ ಒತ್ತಿ ಮಾಡಿದ ಗಟ್ಟಿಗಳಲ್ಲಿ) ಅಂಟು ಇರುತ್ತದೆ, ಕೆಲವದರಲ್ಲಿ ಬೇಗ ಹೊತ್ತಿಕೊಳ್ಳಲು ರಾಸಾಯನಿಕವೂ ಇರುತ್ತದೆ. ಬಣ್ಣ ಬಳಿದ, ಗೆದ್ದಲಿನ ಔಷಧಿ ಹೀರಿಸಿದ ಮರವನ್ನು ಮನೆಯಲ್ಲಿ ಸುಟ್ಟು ಇದ್ದಿಲು ಮಾಡುವ ಯೋಚನೆ ಯಾರಿಗಾದರೂ ಇದ್ದರೆ ಅಲ್ಲಿಗೇ ಬಿಡಿ. ಅಂಥ ಕೆಲವು ಮರಗಳಲ್ಲಿ ಆರ್ಸೆನಿಕ್ ಇರುತ್ತದೆ, ಹೊಗೆಯಲ್ಲೂ ಬೂದಿಯಲ್ಲೂ ಬರುತ್ತದೆ.

ಈಗ, ನೀರಿನೊಳಗೇ ಜರಡಿ ಹಿಡಿಯುವ ಆ ಕಾರಣ. ಒಣ ಮೀಡಿಯಾದ ದೂಳು ಗಿಡಕ್ಕಿಂತ ನಮಗೆ ಅಪಾಯ. ಲೀಜಿಯೊನೆಲ್ಲಾ ಲಾಂಗ್‌ಬೀಚಿ ಎಂಬ ಬ್ಯಾಕ್ಟೀರಿಯಾ ಕಾಂಪೋಸ್ಟ್, ತೊಗಟೆ ಮಿಶ್ರಣಗಳಲ್ಲಿ ಬದುಕುತ್ತದೆ. ಮಿಶ್ರಣದ ದೂಳು, ಸಣ್ಣ ಹನಿಗಳ ಜೊತೆ ಶ್ವಾಸಕೋಶಕ್ಕೆ ಇಳಿದರೆ ಜೋರು ನ್ಯುಮೋನಿಯಾ ತರಬಲ್ಲದು. ವಯಸ್ಸಾದವರು, ಧೂಮಪಾನಿಗಳು, ರೋಗನಿರೋಧಕ ಶಕ್ತಿ ಕುಂದಿದವರು ಹೆಚ್ಚು ಹುಷಾರಾಗಿರಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮಿಶ್ರಣದ ಚೀಲದ ಮೇಲೆಯೇ ಈ ಎಚ್ಚರಿಕೆ ಅಚ್ಚಾಗಿರುತ್ತದೆ. ನಾನು ಚೀಲವನ್ನು ಬಯಲಿನಲ್ಲಿ, ಮುಖ ಆಚೆ ಇಟ್ಟು, ಕತ್ತರಿಯಿಂದ ಮೂಲೆ ಕತ್ತರಿಸಿ ತೆರೆಯುತ್ತೇನೆ. ಕೈಯಿಂದ ಹರಿದರೆ ಒಂದು ಮೋಡ ದೂಳು ಮುಖಕ್ಕೇ. ಮೂಲೆಯಿಂದಲೇ ಮೆಲ್ಲಗೆ ನೀರು ಇಳಿಸುತ್ತೇನೆ. ಪೈಪಿನ ರಭಸ ಬೇಡ, ಹನಿ ಹಾರುತ್ತದೆ. ಎನ್95 ಮಾಸ್ಕ್ ಹಾಕಿಕೊಳ್ಳುತ್ತೇನೆ. ಬಟ್ಟೆ ಮಾಸ್ಕ್ ಇದಕ್ಕೆ ಸಾಲದು. ಪರ್ಲೈಟ್‌ಗೂ ಇದೇ ಕ್ರಮ, ಅದರ ಬಿಳಿ ದೂಳು ಗಂಟಲು, ಕಣ್ಣು ಎರಡನ್ನೂ ಉರಿಸುತ್ತದೆ. ಚೀಲ ತಾಜಾ ಇದೆಯೇ ಎಂದು ಮೂಗು ತೂರಿಸಿ ನೋಡುವವರನ್ನು ಕಂಡರೆ ನನಗೆ ಕೈಹಿಡಿದು ಎಳೆಯಬೇಕೆನಿಸುತ್ತದೆ.

ಮಾಸ್ ಮುಟ್ಟುವಾಗ ಕೈಗವಸು ಇಲ್ಲದೆ ಆಗುವುದಿಲ್ಲ. ಅದರಲ್ಲಿ ಸ್ಪೊರೊಥ್ರಿಕ್ಸ್ ಎಂಬ ಶಿಲೀಂಧ್ರ ಇರಬಹುದು. ಚರ್ಮದ ಸಣ್ಣ ಗೀರಿನಲ್ಲಿ ಒಳಹೊಕ್ಕರೆ ಮೊದಲು ಬೆರಳಲ್ಲೋ ಮುಂಗೈಯಲ್ಲೋ ಒಂದು ಗಂಟು, ಆಮೇಲೆ ತೋಳಿನುದ್ದಕ್ಕೂ ಸಾಲಾಗಿ ಗಂಟುಗಳು. 1988ರಲ್ಲಿ ಅಮೆರಿಕದ 15 ರಾಜ್ಯಗಳಲ್ಲಿ 84 ಜನರಿಗೆ ಇದು ತಗುಲಿತ್ತು. ಸಸಿಗಳ ಬೇರಿಗೆ ಸುತ್ತಿದ್ದ ಸ್ಫ್ಯಾಗ್ನಮ್ ಮಾಸ್‌ನಿಂದ ಬಂದದ್ದೆಂದು ಪತ್ತೆಯಾಯಿತು. ವಾಸಿಯಾಗದ ಗಂಟು ಕಂಡರೆ ವೈದ್ಯರಿಗೆ "ನಾನು ಮಾಸ್ ಮುಟ್ಟುತ್ತೇನೆ" ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಅವರಿಗೆ ಅದು ತಾನಾಗಿ ಹೊಳೆಯುವುದು ಕಷ್ಟ.

ಕುಂಡ ಬದಲಿಸುವ ಹೊತ್ತು ಬಂತೇ ಎಂದು ಕೈಗವಸಿನ ಬೆರಳಿನಿಂದಲೇ ನೋಡುತ್ತೇನೆ. ಒಂದು ತುಂಡನ್ನು ಚಿವುಟಿದಾಗ ಗಟ್ಟಿ ನಿಂತರೆ ಇನ್ನೂ ಆಯುಷ್ಯವಿದೆ, ಹಿಟ್ಟಾದರೆ ಮುಗಿಯಿತು. ತೊಗಟೆ ಸಾಮಾನ್ಯವಾಗಿ 2–3 ವರ್ಷ ಬರುತ್ತದೆ, ಮಾಸ್ ಅದಕ್ಕೂ ಕಡಿಮೆ. ತೆಗೆದ ಹಳೆ ಮೀಡಿಯಾವನ್ನು ಇನ್ನೊಂದು ಆರ್ಕಿಡ್‌ಗೆ ಹಾಕುವುದಿಲ್ಲ, ಎಷ್ಟು ಚೆನ್ನಾಗಿ ಕಂಡರೂ ಸರಿ. ಸಿಂಬಿಡಿಯಂ ಮೊಸಾಯಿಕ್, ಒಡೊಂಟೊಗ್ಲೋಸಮ್ ರಿಂಗ್‌ಸ್ಪಾಟ್ ಎಂಬ ಎರಡು ವೈರಸ್‌ಗಳು ರೋಗಗಿಡದ ರಸದ ಮೂಲಕ ದಾಟುತ್ತವೆ, ಬಂದ ಮೇಲೆ ಮದ್ದಿಲ್ಲ. ಕತ್ತರಿಯನ್ನೂ ಅಷ್ಟೇ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೆಂಕಿಯಲ್ಲಿ ಕಾಯಿಸುತ್ತೇನೆ. ಹಳೆ ತೊಗಟೆಗೆ ಜಾಗ ಬೇರೆ ಹೂಗಿಡಗಳ ಬುಡ.

ಎಲ್ಲ ಮುಗಿದ ಮೇಲೆ ಕೈಗವಸು ಕಳಚಿ ಸೋಪು ಹಾಕಿ ಕೈ ತೊಳೆಯುವುದು, ಅದಕ್ಕೆ ಮೊದಲು ಬಾಯಿಗೆ ಏನೂ ಹಾಕದಿರುವುದು. ಉಳಿದ ಚೀಲ ಬಾಯಿ ಕಟ್ಟಿ ನೆರಳಿಗೆ. ಬಿಸಿಲಲ್ಲಿ ಕಾದ ಒದ್ದೆ ಚೀಲದಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಹೆಚ್ಚುತ್ತವೆ. ಪ್ರತಿ ಕುಂಡದ ಲೇಬಲ್‌ನಲ್ಲಿ ಗಿಡದ ಹೆಸರಿನ ಕೆಳಗೆ ತುಂಬಿದ ತಿಂಗಳು, ವರ್ಷ ಮತ್ತು ಮಿಶ್ರಣ ಬರೆದಿಡುತ್ತೇನೆ, ಪೆನ್ಸಿಲ್‌ನಲ್ಲಿ. ಮಾರ್ಕರ್ ಪೆನ್ನಿನ ಬರಹ ಬಿಸಿಲಿಗೆ ಅಳಿಸಿಹೋಗುತ್ತದೆ.