ಜೀನ್ಸ್ ಯೂನಿಟ್‌ನಲ್ಲಿ ಲೀನ್: ಹಳದಿ ಪಟ್ಟೆಗಿಂತ ಮೊದಲು ಕೂಲಿಯ ಲೆಕ್ಕ

ಬಳ್ಳಾರಿಯ ಸಣ್ಣ ಜೀನ್ಸ್ ಯೂನಿಟ್‌ಗಳಲ್ಲಿ ಲೀನ್ (ಪೋಲು ತಗ್ಗಿಸಿ ಕೆಲಸ ಸರಾಗ ಮಾಡುವ, ಟೊಯೋಟಾದಿಂದ ಬಂದ ವಿಧಾನ) ಅಂದಕೂಡಲೇ ನೆಲಕ್ಕೆ ಹಳದಿ ಪಟ್ಟೆ ಎಳೆದು, ಗೋಡೆಗೆ 5ಎಸ್ (ಕೆಲಸದ ಜಾಗ ಒಪ್ಪವಾಗಿಡುವ ಐದು ಹೆಜ್ಜೆ) ಬೋರ್ಡ್ ಹಾಕುತ್ತಾರೆ. ಸೀಸನ್ ಜೋರಾದ ವಾರ ಅದೇ ಪಟ್ಟೆಯ ಮೇಲೆ ಹೊಲಿಗೆಗೆ ಕಟ್ಟಿದ ತುಂಡುಗಳ ಬಂಡಲ್‌ಗಳು ಬಿದ್ದಿರುತ್ತವೆ. ಹೊಲಿಗೆ ಲೈನ್‌ಗಳಲ್ಲಿ ಇದನ್ನು ಮಾಡಿಸುತ್ತ ನನಗೆ ಖಚಿತವಾದ ಮಾತು ಒಂದೇ: ತಪ್ಪು ಹೊಲಿಗೆಯನ್ನು ತಾನೇ ಎತ್ತಿ ತೋರಿಸಿದ ಟೈಲರ್‌ಗೆ ಬೈಗುಳವೂ ಕೂಲಿ ಕಡಿತವೂ ಸಿಗುವ ಕಡೆ ಲೀನ್ ನಡೆಯುವುದಿಲ್ಲ. ಪಟ್ಟೆ, ಬೋರ್ಡ್, ಹೊಸ ಮಷಿನ್ ಎಲ್ಲ ಆಮೇಲಿನ ಮಾತು.

ಟೊಯೋಟಾದಲ್ಲಿ ತಪ್ಪು ಕಂಡ ಕೆಲಸಗಾರ ಹಗ್ಗ ಎಳೆದು ಲೈನನ್ನೇ ನಿಲ್ಲಿಸಬಹುದು. ನಮ್ಮ ರಾಜ್ಯದಲ್ಲೇ ಬಿಡದಿಯಲ್ಲಿ ಅವರ ಕಾರ್ಖಾನೆ ಇದೆ. ಅಲ್ಲಿ ನೋಡಿದ್ದನ್ನು ಇಲ್ಲಿಗೆ ಹಾಗೇ ತಂದರೆ ಕೆಲಸ ಕೆಡುತ್ತದೆ. ಅಲ್ಲಿಯದು ತಿಂಗಳ ಸಂಬಳ, ನಮ್ಮದು ಪೀಸ್ ರೇಟ್, ಹೊಲಿದ ಪೀಸ್‌ಗೆ ಇಷ್ಟೆಂದು ಕೂಲಿ. ಐದು ನಿಮಿಷ ಮಷಿನ್ ನಿಂತರೆ ಅಲ್ಲಿ ಕಂಪನಿಗೆ ನಷ್ಟ, ಇಲ್ಲಿ ಟೈಲರ್‌ನ ಜೇಬಿಗೇ ನಷ್ಟ. ಹಾಗಿದ್ದ ಮೇಲೆ ಅವನು ಯಾಕೆ ನಿಲ್ಲಿಸಬೇಕು?

ಯೋಕ್ (ಸೊಂಟದ ಕೆಳಗೆ ಹಿಂಭಾಗದ ತುಂಡು) ಹೊಲಿಯುವವನಿಗೆ ಯೋಕ್‌ಗೆ ಇಷ್ಟು, ಬೆಲ್ಟ್ (ಸೊಂಟಪಟ್ಟಿ) ಹಾಕುವವನಿಗೆ ಬೆಲ್ಟ್‌ಗೆ ಇಷ್ಟು ಎಂದು ದರ ಕಟ್ಟಿದರೆ ಪ್ರತಿಯೊಬ್ಬನೂ ತನ್ನ ಕೆಲಸವನ್ನಷ್ಟೇ ಓಡಿಸುತ್ತಾನೆ. ಬೆಲ್ಟ್ ಮಷಿನ್ ಮುಂದೆ ಮಾಲು ಸಿಕ್ಕಿಕೊಂಡಿದ್ದರೂ ಹಿಂದಿನ ಜೇಬು ಹಚ್ಚುವವನು ಜೇಬು ಹಚ್ಚುತ್ತಲೇ ಇರುತ್ತಾನೆ. ಬೇಕಾದ್ದಕ್ಕಿಂತ ಹೆಚ್ಚು, ಬೇಕಾದ್ದಕ್ಕಿಂತ ಮೊದಲು ಮಾಡುವುದೇ ಲೀನ್ ಎಣಿಸುವ ಏಳು ಪೋಲುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಎಂದು, ಟೊಯೋಟಾದ ಈ ಪದ್ಧತಿ ಕಟ್ಟಿದ ಟೈಚಿ ಓನೋ ಹೇಳಿದ್ದು ಇದಕ್ಕೇ. ಉಳಿದ ಪೋಲುಗಳೆಲ್ಲ ಆ ರಾಶಿಯ ಅಡಿಯಲ್ಲಿ ಮುಚ್ಚಿಹೋಗುತ್ತವೆ.

ಲೆಕ್ಕ ಹಾಕಿ ತೋರಿಸಿದರೆ ಮಾಲೀಕರಿಗೆ ಬೇಗ ಹೊಳೆಯುತ್ತದೆ. ಊಟ, ಚಹಾ ಬಿಟ್ಟು ದಿನಕ್ಕೆ 450 ನಿಮಿಷ ಕೆಲಸ, ಬೇಕಾದ ಪ್ಯಾಂಟ್ 300 ಅಂತಿಟ್ಟುಕೊಳ್ಳಿ. ಒಂದೂವರೆ ನಿಮಿಷಕ್ಕೊಂದು ಪ್ಯಾಂಟ್ ಲೈನ್‌ನಿಂದ ಹೊರಬೀಳಬೇಕು. ಇದೇ ಟ್ಯಾಕ್ಟ್. ಒಂದು ಫೈವ್ ಪಾಕೆಟ್ ಜೀನ್ಸ್‌ಗೆ ಹೊಲಿಗೆ ಕೆಲಸ 18 ನಿಮಿಷ ಹಿಡಿದರೆ ಕಾಗದದ ಮೇಲೆ 12 ಜನ ಸಾಕು. ದಾರ ಕಡಿಯುವುದು, ಬಾಬಿನ್ ಮುಗಿಯುವುದು, ಬಂಡಲ್ ಹುಡುಕುವುದು ಎಲ್ಲ ಸೇರಿ ಶೇ. 60ರಷ್ಟೇ ದಕ್ಷತೆ ಎಂದರೆ 20 ಜನ ಬೇಕು. ಈಗ ಬಂಡಲ್ ನೋಡಿ. 50ರ ಬಂಡಲ್ ಕಟ್ಟಿ, ಪ್ರತಿ ಮಷಿನ್ ಹತ್ತಿರ ಕೈಯಲ್ಲೊಂದು ಕಾಯುವುದೊಂದು ಇಟ್ಟರೆ ಲೈನ್‌ನಲ್ಲಿ 2,000 ಪೀಸ್ ಸಿಕ್ಕಿಕೊಂಡಿರುತ್ತವೆ. ದಿನಕ್ಕೆ 300ರಂತೆ ಅವು ಹೊರಬರಲು ಆರೂವರೆ ದಿನದ ಮೇಲೇ ಬೇಕು. 10ರ ಬಂಡಲ್ ಆದರೆ 400 ಪೀಸ್, ಒಂದೂಕಾಲು ದಿನದ ಆಸುಪಾಸು. ಮಷಿನ್ ಅವೇ, ಜನ ಅವರೇ. ಉದ್ದರಿಯಲ್ಲಿ ಬಟ್ಟೆ ತಂದು ನಡೆಸುವ ಯೂನಿಟ್‌ಗೆ ಆ ಐದು ದಿನ ಎಂದರೆ ಬಡ್ಡಿ.

ಲೆಕ್ಕ ಗೊತ್ತಾದ ತಕ್ಷಣ ಬಂಡಲ್ ಚಿಕ್ಕದು ಮಾಡಲು ಹೋಗಬೇಡಿ. ಪೀಸ್ ರೇಟ್ ಹಾಗೇ ಇಟ್ಟು 10ರ ಬಂಡಲ್ ಕೊಟ್ಟರೆ ಬಿಚ್ಚುವುದು, ಕಟ್ಟುವುದು, ಚೀಟಿ ಬರೆಯುವುದು ಎಲ್ಲ ಐದು ಪಟ್ಟು ಆಗುತ್ತದೆ. ಅದಕ್ಕೆ ಕೂಲಿ ಇಲ್ಲ. ಸಂಜೆಯ ಹೊತ್ತಿಗೆ ಟೈಲರ್‌ಗಳೇ ಐದು ಬಂಡಲ್ ಸೇರಿಸಿ ಒಂದು ಮಾಡಿಕೊಂಡಿರುತ್ತಾರೆ. ಅದು ಅವರ ಹಟವಲ್ಲ, ಲೆಕ್ಕ.

ಕೂಲಿಯನ್ನು ನಾವು ಹೀಗೆ ಬದಲಿಸಿದೆವು. ಪ್ರತಿಯೊಬ್ಬರ ಹಿಂದಿನ ಮೂರು ತಿಂಗಳ ಸರಾಸರಿ ಗಳಿಕೆ ತೆಗೆದು, ಅದಕ್ಕಿಂತ ಕಡಿಮೆ ಆಗುವುದಿಲ್ಲ ಎಂದು ಬರೆದು ಕೊಡುವುದು ಮೊದಲ ಹೆಜ್ಜೆ. ಬಾಯಿಮಾತು ಸಾಲದು. ಆ ಮೊತ್ತ ಸರ್ಕಾರದ ಕನಿಷ್ಠ ವೇತನಕ್ಕಿಂತ ಕೆಳಗೂ ಇರಬಾರದು. ಅದರ ಮೇಲೆ ಇಡೀ ಲೈನ್‌ಗೆ ಒಂದೇ ಪ್ರೋತ್ಸಾಹಧನ, ಅದೂ ಚೆಕಿಂಗ್ ಟೇಬಲ್ ದಾಟಿ ಓಕೆ ಆದ ಪೀಸ್‌ಗೆ ಮಾತ್ರ. ಉದಾಹರಣೆಗೆ 240 ಓಕೆ ಪೀಸ್ ಆದ ಮೇಲೆ ಪ್ರತಿ ಪೀಸ್‌ಗೆ 20 ರೂಪಾಯಿ ಇಟ್ಟರೆ, 300 ಹೊರಬಿದ್ದ ದಿನ 1,200 ರೂಪಾಯಿ. 20 ಜನಕ್ಕೆ ತಲಾ 60. ಹೀಗಾದಾಗ ಬೆಲ್ಟ್ ಹತ್ತಿರ ಮಾಲು ನಿಂತರೆ ಜೇಬಿನವನೇ ಎದ್ದು ಹೋಗಿ ಲೂಪ್ ಕತ್ತರಿಸಿ ಕೊಡುತ್ತಾನೆ, ಯಾರೂ ಹೇಳಬೇಕಿಲ್ಲ.

ಇಲ್ಲಿ ಎದುರಾಗುವ ತೊಡಕು ವೇಗದ ಟೈಲರ್. ನಾಲ್ಕು ಜನರ ಕೆಲಸ ಒಬ್ಬನೇ ಎಳೆಯುವವನಿಗೆ ಸಮಪಾಲು ಒಗ್ಗುವುದಿಲ್ಲ, ಪಕ್ಕದ ಯೂನಿಟ್‌ಗೆ ಹೋಗುತ್ತಾನೆ. ಅವನನ್ನು ಉಳಿಸಿಕೊಳ್ಳಲು ಕೌಶಲ ಭತ್ಯೆ ಬೇಕು. ಫೀಡ್ ಆಫ್ ದಿ ಆರ್ಮ್, ಬೆಲ್ಟ್, ಓವರ್‌ಲಾಕ್, ಬಾರ್‌ಟ್ಯಾಕ್, ಜಿಪ್ ಹೀಗೆ ಎಷ್ಟು ಕೆಲಸ ಬರುತ್ತದೋ ಅಷ್ಟಕ್ಕೆ ತಿಂಗಳಿಗೆ ಇಷ್ಟು ಎಂದು ಕಟ್ಟಿ, ಗೋಡೆಯ ಮೇಲೆ ಹೆಸರು, ಕೆಲಸದ ಪಟ್ಟಿ ಹಾಕಬೇಕು. ಇದರಿಂದ ಇನ್ನೊಂದು ಲಾಭವೂ ಇದೆ. ಮೊಹರಂ, ಯುಗಾದಿ, ದುರ್ಗಮ್ಮನ ಸಿಡಿಬಂಡಿ, ಊರ ಜಾತ್ರೆ, ಮೆಣಸಿನಕಾಯಿ ಬಿಡಿಸುವ ಕಾಲ – ಇವೆಲ್ಲ ಯೂನಿಟ್‌ಗಳು ಖಾಲಿಯಾಗುವ ದಿನಗಳು. ಮೊಹರಂಗೆ ನಮ್ಮ ಕಡೆ ಜಾತಿ ಧರ್ಮ ನೋಡದೆ ಎಲ್ಲರೂ ಊರಿಗೆ ಹೋಗುತ್ತಾರೆ. ರಜೆ ಕೊಡದೆ ಜಗಳ ಮಾಡುವ ಬದಲು ವರ್ಷದ ಕ್ಯಾಲೆಂಡರ್‌ನಲ್ಲೇ ಗುರುತು ಹಾಕಿ, ಆ ವಾರ ಒಬ್ಬರು ಎರಡು ಮಷಿನ್ ನೋಡಿಕೊಳ್ಳುವಂತೆ ಮೊದಲೇ ಕಲಿಸಿಡುವುದು ಲೇಸು.

ಅಡ್ವಾನ್ಸ್ ವಿಷಯ ಯಾವ ಲೀನ್ ತರಬೇತಿಯಲ್ಲೂ ಬರುವುದಿಲ್ಲ, ನಮ್ಮ ಕಡೆ ಅದೇ ದೊಡ್ಡದು. ಮದುವೆಗೋ ಆಸ್ಪತ್ರೆಗೋ ಮಾಲೀಕರಿಂದ ದುಡ್ಡು ತೆಗೆದುಕೊಂಡವನು ಅದು ತೀರುವತನಕ ಬಾಯಿ ಬಿಡುವುದಿಲ್ಲ. ತಪ್ಪು ತೋರಿಸಿದರೆ "ಮೊದಲ ನನ್ನ ರೊಕ್ಕ ಚುಕ್ತಾ ಮಾಡು" ಅನ್ನುವ ಮಾತು ಬರುತ್ತದೆ ಎಂಬ ಅಂಜಿಕೆ. ಅದಕ್ಕೇ ಅಡ್ವಾನ್ಸ್ ಪುಸ್ತಕ ಬೇರೆ, ಅದನ್ನು ನೋಡುವ ಮನುಷ್ಯ ಬೇರೆ, ಕಂತು ತಿಂಗಳಿಗೆ ಇಷ್ಟೇ ಎಂದು ನಿಗದಿ. ಹೊಲಿಗೆ ಹಾಲ್‌ನಲ್ಲಿ ಅದರ ಮಾತೇ ಎತ್ತಬಾರದು ಎಂಬುದು ಮಾಲೀಕರಿಗೆ ಹಾಕುವ ಮೊದಲ ನಿಯಮ.

ತಪ್ಪು ತೋರಿಸಿದ ಕ್ಷಣ

ಟೈಲರ್ ಎದ್ದು ಬಂದು "ಸಾವ್ಕಾರ್ರ, ಸ್ಟಿಚ್ ಬಿಡಾಕತ್ತೈತಿ ನೋಡ್ರಿ" ಅಂದಾಗ ಮಾಲೀಕರು ಆಡುವ ಮೊದಲ ಮಾತನ್ನು ಇಡೀ ಹಾಲ್ ಕೇಳಿಸಿಕೊಳ್ಳುತ್ತದೆ. "ನೋಡ್ಕೊಂಡು ಹೊಲಿಯಾಕ ಬರಲ್ಲೇನು?" ಅಂದರೆ ಅಲ್ಲಿಂದ ಮುಂದೆ ಒಬ್ಬರೂ ತೋರಿಸುವುದಿಲ್ಲ. "ಛಲೋ ಆತು ತೋರಿಸಿದ್ದು, ಎಷ್ಟು ಪೀಸ್ ಆಗ್ಯಾವ?" ಎಂದು ಕೇಳಲು ಅಭ್ಯಾಸ ಮಾಡಬೇಕು. ಈ ಪ್ರಶ್ನೆಯೇ ಮುಖ್ಯ, ಯಾಕೆಂದರೆ ವಾಷಿಂಗ್‌ಗೆ ಹೋಗುವ ಮುಂಚೆ ಸಿಕ್ಕ ತಪ್ಪು ಬಿಚ್ಚಿ ಹೊಲಿದರೆ ಸರಿಯಾಗುತ್ತದೆ. ವಾಷ್ ಆದ ಮೇಲೆ ಬಿಚ್ಚಿದರೆ ಹಳೆಯ ಸೂಜಿ ತೂತು, ಹೊಲಿಗೆ ಅಡಿ ಮುಚ್ಚಿದ್ದ ಕಡುನೀಲಿ ಗೆರೆ, ಮಾಸದ ಹೊಸ ದಾರ ಮೂರೂ ಎದ್ದು ಕಾಣುತ್ತವೆ. ಆ ಪೀಸ್ ಸೆಕೆಂಡ್ಸ್‌ಗೇ, ಅಂದರೆ ಎರಡನೇ ದರ್ಜೆಯ ಮಾಲಿಗೇ ಹೋಗುವುದು.

ಒಂದು ತಪ್ಪನ್ನು ಬುಡದ ತನಕ ಹಿಡಿದುಕೊಂಡು ಹೋಗುವುದು ಹೇಗೆ ಎಂಬುದಕ್ಕೆ ಹಿಂದಿನ ರೈಸ್‌ನಲ್ಲಿ (ಪ್ಯಾಂಟ್‌ನ ಹಿಂದೆ ಎಡ ಬಲ ಭಾಗ ಕೂಡುವ ನಡು ಹೊಲಿಗೆ) ಸ್ಟಿಚ್ ಬಿಡುವುದನ್ನೇ ತೆಗೆದುಕೊಳ್ಳಿ. ಎರಡೂ ಕಡೆಯ ಯೋಕ್ ಹೊಲಿಗೆ ಬಂದು ರೈಸ್‌ಗೆ ಕೂಡುವ ಜಾಗದಲ್ಲೇ ಸ್ಟಿಚ್ ಬಿಡುತ್ತದೆ, ಬೇರೆ ಕಡೆ ಇಲ್ಲ. ಯಾಕೆ? ಸೂಜಿ ಅಲ್ಲಿ ಬಾಗುತ್ತದೆ. ಯಾಕೆ? ಮಡಿಕೆ ಮೇಲೆ ಮಡಿಕೆ ಬಿದ್ದು ಅಲ್ಲಿ ದಪ್ಪ ಗಂಟಾಗಿದೆ. ಯಾಕೆ? ಹೊಲಿಯುವ ಮುಂಚೆ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿಲ್ಲ. ಯಾಕೆ? ಸುತ್ತಿಗೆ ಆ ಮಷಿನ್ ಹತ್ತಿರ ಇಲ್ಲ, ಇನ್ನೊಂದು ಲೈನ್‌ನಲ್ಲಿದೆ. ಯಾಕೆ? ಎರಡು ಲೈನ್‌ಗೆ ಒಂದೇ ತಂದಿದ್ದಾರೆ. ಪರಿಹಾರ ಒಂದು ಸುತ್ತಿಗೆ, ಸಣ್ಣ ಕಬ್ಬಿಣದ ಅಡಿಗಲ್ಲು, ಜೊತೆಗೆ ಬಟ್ಟೆಯ ದಪ್ಪಕ್ಕೆ ತಕ್ಕಂತೆ 16ರ ಬದಲು 18ನೇ ನಂಬರ್ ಸೂಜಿ. ಬೈಯುವ ಯೂನಿಟ್‌ನಲ್ಲಿ ಮೊದಲ "ಯಾಕೆ"ಗೇ "ಟೈಲರ್‌ಗೆ ಗ್ಯಾನ ಇಲ್ಲ" ಎಂಬ ಉತ್ತರ ಬಂದು ವಿಚಾರ ಅಲ್ಲಿಗೇ ಮುಗಿಯುತ್ತದೆ. ಐದು ಬಾರಿ ಯಾಕೆ ಎಂದು ಕೇಳುವ ವಿಧಾನ ಹೆಚ್ಚಿನ ಕಡೆ ಫಲಿಸದಿರುವುದು ಇದರಿಂದಲೇ.

ತಪ್ಪನ್ನು ಮೊದಲು ಕಾಣುವವರು ದಾರ ಕತ್ತರಿಸುವ ಹೆಲ್ಪರ್ ಅಕ್ಕಂದಿರು. ಪ್ರತಿ ಪೀಸ್ ಅವರ ಕೈಯಲ್ಲಿ ಹಾದುಹೋಗುತ್ತದೆ. ಆದರೆ ಇಪ್ಪತ್ತು ವರ್ಷ ಅನುಭವದ ಮಾಸ್ಟರ್‌ಗೆ "ಅಣ್ಣಾ, ಇದು ವಾರೆ ಐತಿ" ಎಂದು ಅವರು ಹೇಳಲಾರರು. ಅದಕ್ಕೆ ಅವರ ಟೇಬಲ್ ಪಕ್ಕ ಒಂದು ಕೆಂಪು ಡಬ್ಬಿ ಇಡಬೇಕು. ಅನುಮಾನ ಬಂದ ಪೀಸ್ ಅದರೊಳಗೆ ಹಾಕಿದರೆ ಆಯಿತು, ಯಾರು ಹಾಕಿದರೆಂದು ಕೇಳುವಂತಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ಮಾಸ್ಟರ್ ಡಬ್ಬಿ ತೆರೆದು ನೋಡಬೇಕು. ಸರಿಯಾಗೇ ಇರುವ ಪೀಸ್ ಅದರಲ್ಲಿದ್ದರೂ ನಗಬಾರದು. ಹಾಲ್‌ನಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ಎಲ್ಲವೂ ಇರುವುದರಿಂದ ಬರೆದ ಸೂಚನೆಗಿಂತ ನಿಜವಾದ ಪೀಸ್ ತೂಗುಹಾಕುವುದು ಒಳ್ಳೆಯದು: ಪಕ್ಕಪಕ್ಕದಲ್ಲೇ ಒಂದು ಸರಿ, ಒಂದು ತಪ್ಪು.

ಮನೆಮಂದಿಯ "ಅರ್ಜೆಂಟ್"

ಸಣ್ಣ ಯೂನಿಟ್ ಎಂದರೆ ಮನೆಯ ವ್ಯವಹಾರ. ಅಣ್ಣ ಬಂದು ಒಂದು ಲಾಟ್ ಅರ್ಜೆಂಟ್ ಅನ್ನುತ್ತಾನೆ, ಮಧ್ಯಾಹ್ನ ಅಳಿಯ ಬಂದು ಇನ್ನೊಂದು. ಅರ್ಧ ಹೊಲಿದ ಲಾಟ್ ಮೂಲೆಗೆ ಹೋಗುತ್ತದೆ, ದಾರ ಬದಲಾಗುತ್ತದೆ, ಬಟ್ಟೆ ಮಡಿಸಿಕೊಡುವ ಫೋಲ್ಡರ್ ಬದಲಾಗುತ್ತದೆ. ಮೂಲೆಗೆ ಹೋದ ಲಾಟ್‌ನಲ್ಲಿ ಸೈಜ್ ಕಲಸಿಹೋಗುವುದು, ನಂಬರ್ ಸ್ಟಿಕ್ಕರ್ ಬಿದ್ದುಹೋಗಿ ಬೇರೆ ಬೇರೆ ರೋಲ್‌ನ ಕಾಲು ಒಂದೇ ಪ್ಯಾಂಟ್‌ಗೆ ಸೇರುವುದು ಆಗಲೇ. ಹೊಲಿಯುವಾಗ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ, ವಾಷ್ ಆದ ಮೇಲೆ ಎಡಗಾಲು ಒಂದು ನೀಲಿ, ಬಲಗಾಲು ಇನ್ನೊಂದು ನೀಲಿ.

ಇದಕ್ಕೆ ಬೋರ್ಡ್ ಮೇಲೆ ಮೂರೇ ಸಾಲು: ಈಗ ನಡೆದಿರುವ ಲಾಟ್, ಮುಂದಿನದು, ಅದರ ಮುಂದಿನದು. ಬದಲಿಸುವ ಅಧಿಕಾರ ಮನೆಯ ಒಬ್ಬರಿಗೇ, ಅದೂ ಬೆಳಿಗ್ಗೆ ಮಾತ್ರ. ಮೊದಲ ಸಾಲನ್ನು ಯಾರೂ ಮುಟ್ಟುವಂತಿಲ್ಲ. ಲೈನ್ ಮಾಸ್ಟರ್‌ಗೆ "ಬೋರ್ಡ್ ಮೇಲಿಲ್ರೀ" ಎಂದು ಮಾಲೀಕರ ತಮ್ಮನಿಗೇ ಹೇಳುವ ಧೈರ್ಯ ಬಂದ ಯೂನಿಟ್‌ನಲ್ಲಿ ಅರ್ಧ ಕೆಲಸ ಆದಂತೆ.

ಕಟಿಂಗ್ ಮಾಸ್ಟರ್‌ಗಳ ವಿಚಾರ ಸ್ವಲ್ಪ ನಾಜೂಕು. ಮಾರ್ಕರ್ (ಬಟ್ಟೆಯ ಮೇಲೆ ತುಂಡುಗಳನ್ನು ಹೊಂದಿಸುವ ನಕ್ಷೆ), ಶ್ರಿಂಕೇಜ್ (ವಾಷ್‌ನಲ್ಲಿ ಬಟ್ಟೆ ಕುಗ್ಗುವುದು) ಲೆಕ್ಕ ತಲೆಯಲ್ಲೇ ಇಟ್ಟುಕೊಂಡಿರುತ್ತಾರೆ, ಅದೇ ಅವರ ಬೆಲೆ. ಬಿಟ್ಟುಕೊಡಿ ಎಂದರೆ ಕೊಡುವುದಿಲ್ಲ, ಕೊಡಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಹೆಲ್ಪರ್ ಒಬ್ಬನನ್ನು ತಯಾರು ಮಾಡಿದ್ದಕ್ಕೆ ಭತ್ಯೆ ಇಟ್ಟು, ಬಟ್ಟೆ ಕುಗ್ಗುವ ಪರೀಕ್ಷೆಯನ್ನು ಮಾಸ್ಟರ್ ಕೈಯಲ್ಲೇ ಮಾಡಿಸಿ ಪುಸ್ತಕದಲ್ಲಿ ಬರೆಸಬೇಕು. ಪ್ರತಿ ರೋಲ್‌ನಿಂದ ತುಂಡು ತೆಗೆದು 50 ಸೆಂ.ಮೀ. ಚೌಕ ಗುರುತು ಹಾಕಿ, ಆ ಲಾಟ್‌ಗೆ ಮಾಡುವ ವಾಷನ್ನೇ ಮಾಡಿ ಅಳೆಯುವುದು. ಉದ್ದ 48.5 ಆದರೆ ಶೇ. 3 ಕುಗ್ಗಿದೆ. 42 ಇಂಚು ಉದ್ದ ಬೇಕಿದ್ದರೆ 42ನ್ನು 0.97ರಿಂದ ಭಾಗಿಸಿ 43.3 ಇಂಚಿಗೆ ಪ್ಯಾಟರ್ನ್. ಸ್ಟ್ರೆಚ್ ಡೆನಿಮ್ ಅಡ್ಡಕ್ಕೆ ಇನ್ನೂ ಹೆಚ್ಚು ಕುಗ್ಗುವುದರಿಂದ ಅಡ್ಡವನ್ನು ಬೇರೆಯಾಗಿ ಅಳೆಯಬೇಕು. ಅದೇ ತುಂಡುಗಳನ್ನು ಒಂದರ ಪಕ್ಕ ಒಂದು ಹೊಲಿದು ವಾಷ್ ಮಾಡಿದರೆ ಯಾವ ರೋಲ್ ಯಾವ ಶೇಡ್ ಎಂಬುದೂ ಗೊತ್ತಾಗುತ್ತದೆ.

ಇಷ್ಟಾದ ಮೇಲೆ 10ರ ಬಂಡಲ್‌ಗೆ ಇಳಿಯಬಹುದು. ಕಟ್ಟುವ ಬದಲು ಕ್ಲಿಪ್ ಹಾಕಿದರೆ ಬಿಚ್ಚುವ ಸಮಯ ಉಳಿಯುತ್ತದೆ. ಎರಡು ಬಂಡಲ್‌ಗಿಂತ ಹೆಚ್ಚು ಹಿಡಿಯದ ಸ್ಟ್ಯಾಂಡ್ ಮಾಡಿಸಿ, ಅದು ತುಂಬಿದರೆ ಹಿಂದಿನವರು ನಿಲ್ಲಿಸಿ ಮುಂದಿನವರಿಗೆ ನೆರವಾಗಬೇಕು. ಗಂಟೆಗೆ 40 ಎಂಬ ಗುರಿಯ ಬೋರ್ಡ್‌ನಲ್ಲಿ ಸಂಖ್ಯೆಯ ಪಕ್ಕ ಕಾರಣದ ಕಾಲಂ ಅಗಲವಾಗಿರಲಿ: ಕರೆಂಟ್, ದಾರ, ಸೂಜಿ, ಜಿಪ್ ಇಲ್ಲ. ಮೊದಮೊದಲು ಉತ್ಪಾದನೆ ಇಳಿಯುತ್ತದೆ, ಇದನ್ನು ಮಾಲೀಕರಿಗೆ ಮುಂಚೆಯೇ ಹೇಳಿಡಬೇಕು. ದೀಪಾವಳಿ ಮಾಲು ಹೊರಟ ಮೇಲೆ, ಒಂದೇ ಲೈನ್, ಒಂದೇ ಸ್ಟೈಲ್‌ನಿಂದ ಶುರು ಮಾಡಿ. ಏಪ್ರಿಲ್, ಮೇ ಬೇಡ. 40 ಡಿಗ್ರಿ ದಾಟಿದ ಬಳ್ಳಾರಿಯಲ್ಲಿ ತಗಡಿನ ಶೆಡ್ ಕೆಳಗೆ ಮಧ್ಯಾಹ್ನದ ಮೇಲೆ ಆಗುವ ತಪ್ಪುಗಳಿಗೆ ಪರಿಹಾರ ಫ್ಯಾನು, ತಣ್ಣನೆ ನೀರು, ಬೆಳಿಗ್ಗೆ ಬೇಗ ಶುರುವಾಗುವ ಪಾಳಿ.

5ಎಸ್ ಈ ಹೊತ್ತಿಗೆ ತಾನಾಗಿ ಹಿಡಿಯುತ್ತದೆ. ಹಳೆ ಲಾಟ್, ಕೆಟ್ಟ ಮಷಿನ್, ಅರ್ಧ ಉಳಿದ ದಾರದ ಕೋನ್ ಎಲ್ಲಕ್ಕೂ ದಿನಾಂಕ ಬರೆದ ಕೆಂಪು ಚೀಟಿ. ತಿಂಗಳೊಳಗೆ ಯಾರೂ ಕೇಳದಿದ್ದರೆ ಹೊರಗೆ.

ಕೇಂದ್ರ ಸರ್ಕಾರದ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಲೀನ್ ಯೋಜನೆಯ ಈಗಿನ ರೂಪ 2023ರ ಮಾರ್ಚ್‌ನಲ್ಲಿ ಶುರುವಾಯಿತು. ಉದ್ಯಮ್ ನೋಂದಣಿ ಇದ್ದರೆ ಸಾಕು. ಬೇಸಿಕ್ ಹಂತಕ್ಕೆ ಖರ್ಚಿಲ್ಲ, ಇಂಟರ್‌ಮೀಡಿಯೆಟ್ ಮತ್ತು ಅಡ್ವಾನ್ಸ್ಡ್ ಹಂತಗಳಲ್ಲಿ ಸಲಹೆಗಾರರ ವೆಚ್ಚದ ಶೇ. 90 ಸರ್ಕಾರ ಕೊಡುತ್ತದೆ. ಬರುವ ಸಲಹೆಗಾರರಿಗೆ ಕೂಲಿ ಪುಸ್ತಕವನ್ನೂ ತೋರಿಸಿ, ಮಷಿನ್ ಲೇಔಟ್ ಒಂದನ್ನೇ ಅಲ್ಲ.

ಬಳ್ಳಾರಿಯ ಕೌಲ್ ಬಜಾರ್‌ನಂಥ ಓಣಿಗಳಲ್ಲಿ ಮನೆಯಲ್ಲೇ ಹೊಲಿದು ಕೊಡುವವರಿಗೆ ಪೀಸ್ ರೇಟ್ ಬಿಡಿಸಲು ಆಗುವುದಿಲ್ಲ. ಅಲ್ಲಿ ಮಾಡಬಹುದಾದದ್ದು ಬೇರೆ. ವಾರಕ್ಕೆ ಬೇಕಾದಷ್ಟು ಮಾಲು ಒಮ್ಮೆಲೇ ಸುರಿಯದೆ ದಿನಕ್ಕಾಗುವಷ್ಟೇ ಕೊಡಿ, ಜೊತೆಗೆ ಒಂದು ಸರಿಯಾದ ಸ್ಯಾಂಪಲ್ ಪೀಸ್. ಮೊದಲ ಹತ್ತು ಪೀಸ್ ಅದೇ ಸಂಜೆ ತರಿಸಿ ಅವರ ಎದುರಿಗೇ ನೋಡಿ. ಕಟಿಂಗ್‌ನದೋ ಬಟ್ಟೆಯದೋ ತಪ್ಪನ್ನು ಅವರಾಗಿ ಗುರುತಿಸಿ ಹೊಲಿಯದೆ ವಾಪಸ್ ತಂದರೆ, ಆ ಪೀಸ್‌ಗೂ ಪೂರ್ತಿ ಕೂಲಿ ಅಲ್ಲೇ ಕೈಗೆ ಕೊಡಿ.