ಬಾಯಿ ಒಣಗುವುದು ಶೋಗ್ರನ್ ಕಾಯಿಲೆಯೇ? ತಿಳಿದುಕೊಳ್ಳುವ ಕ್ರಮ

ಹಾಸನದಲ್ಲಿ ಹಲ್ಲಿನ ವೈದ್ಯಳಾಗಿರುವ ನನ್ನ ಬಳಿ ಬರುವ ನಡುವಯಸ್ಸಿನ ಹೆಂಗಸರಲ್ಲಿ ಕೆಲವರು ಒಂದೇ ಮಾತು ಹೇಳುತ್ತಾರೆ: ಸಾರಿನಲ್ಲಿ ಅದ್ದಿದ ಮುದ್ದೆ ಸಲೀಸಾಗಿ ಇಳಿಯುತ್ತದೆ, ಚಪಾತಿಯಾದರೆ ತುತ್ತುತುತ್ತಿಗೂ ನೀರು ಬೇಕು. ಅವರ ಬಾಯೊಳಗಿಟ್ಟ ಕನ್ನಡಿ ಕೆನ್ನೆಯ ಒಳಬದಿಗೆ ಅಂಟಿಕೊಳ್ಳುತ್ತದೆ. ಒಸಡಿನ ಅಂಚಿನಲ್ಲಿ ಹಲ್ಲುಗಳು ಸಾಲಾಗಿ ಹುಳುಕಾಗಿರುತ್ತವೆ. ಮೂರು ತಿಂಗಳಿಗೂ ಹೆಚ್ಚು ಕಾಲ ಬಾಯಿ ಹೀಗೆ ಒಣಗಿದ್ದು, ಕಣ್ಣಿನಲ್ಲಿ ಮರಳು ಬಿದ್ದಂತಹ ಕಿರಿಕಿರಿಯೂ ಇದ್ದರೆ ಶೋಗ್ರನ್ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆಯೇ ಜೊಲ್ಲು, ಕಣ್ಣೀರಿನ ಗ್ರಂಥಿಗಳ ಮೇಲೆ ದಾಳಿ ಮಾಡುವ ಕಾಯಿಲೆ) ಇದೆಯೇ ಎಂದು ಪರೀಕ್ಷಿಸಿಕೊಳ್ಳಲೇಬೇಕು. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರನ್ 1933ರಲ್ಲಿ ವಿವರಿಸಿದ ಈ ಕಾಯಿಲೆ ಇರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ಮೊದಲು ಮನೆಯಲ್ಲೇ ಜೊಲ್ಲನ್ನು ಅಳೆಯಿರಿ. ಕಾಫಿ, ತಿಂಡಿ, ಎಲೆಅಡಿಕೆ, ಹಲ್ಲುಜ್ಜುವುದು ಇವೆಲ್ಲ ಮುಗಿದು ಒಂದೆರಡು ಗಂಟೆ ಕಳೆದ ಮೇಲೆ ತಲೆ ತುಸು ಬಾಗಿಸಿ ಕುಳಿತು, ಅಗಿಯದೆ, ಮಾತಾಡದೆ, 15 ನಿಮಿಷ ಬಾಯಲ್ಲಿ ಕೂಡುವುದನ್ನೆಲ್ಲ ಲೋಟಕ್ಕೆ ಉಗುಳಿ. ನೊರೆ ಇಳಿದ ಮೇಲೆ ಸೂಜಿಯಿಲ್ಲದ ಸಿರಿಂಜಿನಿಂದ ಎಳೆದು ನೋಡಿ, 1.5 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಜೊಲ್ಲು ಸಾಲದು ಎಂದರ್ಥ. ಸಕ್ಕರೆ ಕಾಯಿಲೆಯಿಂದಲೂ ಅಲರ್ಜಿ, ಖಿನ್ನತೆಯ ಮಾತ್ರೆಗಳಿಂದಲೂ ಬಾಯಿ ಒಣಗುವುದರಿಂದ, ನುಂಗುವ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತಪ್ಪದೆ ತೋರಿಸಿ.

ನೀರು ಎಷ್ಟು ಕುಡಿದರೂ ಈ ಕಾಯಿಲೆಯಲ್ಲಿ ಜೊಲ್ಲು ಏಕೆ ಹೆಚ್ಚುವುದಿಲ್ಲ ಎಂಬುದನ್ನು ಅರಿತುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಳಸುವ ಸೈಟೊಕೈನ್‌ಗಳೆಂಬ ಸಣ್ಣ ಪ್ರೋಟೀನುಗಳು ಇಲ್ಲಿ ಹಿಡಿತ ತಪ್ಪಿರುತ್ತವೆ. ವೈರಾಣುವನ್ನು ಎದುರಿಸಲು ಹುಟ್ಟಬೇಕಾದ ಇಂಟರ್‌ಫೆರಾನ್ ಎಂಬ ಸೈಟೊಕೈನ್ ಜೊಲ್ಲಿನ ಗ್ರಂಥಿಯಲ್ಲಿ ಬಿಡುವಿಲ್ಲದೆ ಹುಟ್ಟುತ್ತಾ, ಬಾಫ್ ಎಂಬ ಇನ್ನೊಂದು ಸಂದೇಶವಾಹಕವನ್ನು ಹೆಚ್ಚಿಸುತ್ತದೆ. ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಾದ ಬಿ ಕೋಶಗಳಲ್ಲಿ ಸಾಯಬೇಕಾದವನ್ನು ಬಾಫ್ ಬದುಕಿಸಿಡುತ್ತದೆ. ಆ ಕೋಶಗಳಿಂದ ನಮ್ಮ ದೇಹದ ವಿರುದ್ಧವೇ ಪ್ರತಿಕಾಯಗಳು ತಯಾರಾಗುತ್ತವೆ. ನನಗೆ ಬಹಳ ಮುಖ್ಯವೆನಿಸುವ ಸಂಗತಿ ಬೇರೆಯದು: ಜೊಲ್ಲು ಸುರಿಸುವ ಕೋಶಗಳು ಎಷ್ಟೋ ವೇಳೆ ಪೂರ್ತಿ ನಾಶವಾಗಿರುವುದಿಲ್ಲ, ಉರಿಯೂತದ ನಡುವೆ ನರದ ಆಜ್ಞೆಗೆ ಓಗೊಡದೆ ಸುಮ್ಮನಿರುತ್ತವೆ. ಉಳಿದ ಕೋಶಗಳನ್ನು ಎಚ್ಚರಿಸುವ ಪೈಲೊಕಾರ್ಪಿನ್ ಮಾತ್ರೆ ಹಲವರಿಗೆ ಫಲ ಕೊಡುವುದು ಇದರಿಂದಲೇ. ಆಸ್ತಮಾ ಇರುವವರು ಅದನ್ನು ವೈದ್ಯರನ್ನು ಕೇಳದೆ ನುಂಗಬಾರದು.

ಕೀಲುವಾತದಂತಹ ಕಾಯಿಲೆಗಳನ್ನು ನೋಡುವ ರುಮಟಾಲಜಿ ವೈದ್ಯರು, ದೇಹದ ವಿರುದ್ಧ ಹುಟ್ಟುವ ಇಂತಹ ಪ್ರತಿಕಾಯಗಳಲ್ಲಿ ಒಂದಾದ ಆಂಟಿ-ರೋ ರಕ್ತದಲ್ಲಿದೆಯೇ ಎಂದು ನೋಡುತ್ತಾರೆ. ಅಗತ್ಯವಿದ್ದರೆ ಕೆಳತುಟಿಯ ಒಳಗಿನ ಪುಟ್ಟ ಗ್ರಂಥಿಗಳನ್ನು ಮರಗಟ್ಟಿಸಿ ತೆಗೆಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ 4 ಚದರ ಮಿಲಿಮೀಟರಿನಲ್ಲಿ 50 ಅಥವಾ ಹೆಚ್ಚು ಲಿಂಫೋಸೈಟುಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಗುಂಪು ಒಂದಾದರೂ ಇದ್ದರೆ ಅದು ಬಲವಾದ ಪುರಾವೆ. ಸೈಟೊಕೈನ್‌ಗಳನ್ನೇ ಅಳೆಸಲು ಹಣ ಖರ್ಚು ಮಾಡಬೇಡಿ, ರೋಗನಿರ್ಣಯಕ್ಕೆ ಅದು ಬೇಕಿಲ್ಲ. ಕೀಲುವಾತದಲ್ಲಿ ಗುಣ ಕಂಡ, ಟಿಎನ್‌ಎಫ್ ಎಂಬ ಉರಿಯೂತದ ಸೈಟೊಕೈನನ್ನು ತಡೆಯುವ ಚುಚ್ಚುಮದ್ದು, ಗ್ರಂಥಿಯಲ್ಲಿ ಟಿಎನ್‌ಎಫ್ ಇದ್ದರೂ ಶೋಗ್ರನ್‌ನ ಒಣಬಾಯಿಗೆ ಫಲ ಕೊಡಲಿಲ್ಲ; ಆದ್ದರಿಂದ ಪರಿಚಿತರ ಔಷಧವನ್ನು ನಿಮಗೂ ಬರೆದುಕೊಡಿ ಎಂದು ಕೇಳಬೇಡಿ.

ಜೊಲ್ಲು ಬರಲೆಂದು ಅಡಿಕೆ ಜಗಿಯುವುದನ್ನೂ ಹುಳಿ ಪೆಪ್ಪರಮೆಂಟು ಚೀಪುವುದನ್ನೂ ಬಿಟ್ಟು, ಫ್ಲೋರೈಡ್ ಪೇಸ್ಟಿನಲ್ಲಿ ದಿನಕ್ಕೆರಡು ಸಲ ಹಲ್ಲುಜ್ಜಿ. ಗರ್ಭ ಧರಿಸುವ ಯೋಚನೆಯಿದ್ದು ಆಂಟಿ-ರೋ ಕಂಡುಬಂದಿದ್ದರೆ, ಮಗುವಿನ ಹೃದಯ ಬಡಿತದ ಮೇಲೆ ಕಣ್ಣಿಡಬೇಕಾದ್ದರಿಂದ ಮೊದಲೇ ತಿಳಿಸಿ. ಕಿವಿಯ ಮುಂದಿನ ಗ್ರಂಥಿ ಊದಿ ವಾರಗಳಾದರೂ ಇಳಿಯದಿದ್ದರೆ, ದುಡಿದು ದಣಿದ ಬಿ ಕೋಶಗಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಹುಟ್ಟಿರಬಹುದು. ನೋವಿಲ್ಲವೆಂದು ಕಾಯದೆ ಅದೇ ವಾರ ತೋರಿಸಿ.